ಭತ್ತದ ಗರಿ ತುದಿಯಿಂದ ಒಣಗುತ್ತಿದೆಯೇ? ಗದ್ದೆಯಲ್ಲಿ ಉಪ್ಪಿನ ದೋಷ ಪತ್ತೆ ಮಾಡುವ ಬಗೆ

ಗದ್ದೆಯ ಒಂದು ಮೂಲೆಯಲ್ಲಿ ಪೈರು ಮೇಲೇಳುತ್ತಿಲ್ಲ. ಗರಿಗಳ ತುದಿ ಬಿಳಿಚಿ ಮುರುಟಿಕೊಂಡಿದೆ. ನೋಡಿದವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ: ಯೂರಿಯಾ ಸಾಲದು, ರೋಗ ಬಿದ್ದಿದೆ, ಸತು ಹಾಕಿ. ಯಾವುದೂ ಅಸಾಧ್ಯವಲ್ಲ. ಆದರೆ ನಿಜವಾದ ಕಾರಣ ಉಪ್ಪಾಗಿದ್ದರೆ ಇವುಗಳಲ್ಲಿ ಒಂದೂ ಅದನ್ನು ಗದ್ದೆಯಿಂದ ಹೊರಗೆ ಕಳಿಸುವುದಿಲ್ಲ. ಹಾಕಿದ ಹಣ ಹೋಗುತ್ತದೆ, ಅದಕ್ಕಿಂತ ಮುಖ್ಯವಾಗಿ ವಾರ ಹತ್ತು ದಿನ ಹೋಗುತ್ತದೆ. ಎಳೆ ಸಸಿಗೆ ಅಷ್ಟು ದಿನ ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ.

ಈ ಬರಹದುದ್ದಕ್ಕೂ ನಾನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: ಒಣಗಿರುವುದು ಹಳೆಯ ಗರಿಯೋ, ಹೊಸ ಗರಿಯೋ? ಭತ್ತ ಉಪ್ಪನ್ನು ಎದುರಿಸುವ ರೀತಿಯೆಲ್ಲ ಆ ಉತ್ತರದಲ್ಲಿದೆ. ಏನನ್ನಾದರೂ ಗದ್ದೆಗೆ ಸುರಿಯುವ ಮೊದಲು ಅದನ್ನು ಓದಲು ಕಲಿಯೋಣ. ಖರ್ಚಿಲ್ಲದ ಪರೀಕ್ಷೆಗಳು ಮೊದಲು, ಮೀಟರು ಮತ್ತು ಪ್ರಯೋಗಾಲಯ ಆಮೇಲೆ.

## ಪೈರು ಅಲ್ಲಲ್ಲಿ ತೇಪೆ ತೇಪೆಯಾಗಿ ಹಾಳಾಗಿದೆ

ಗದ್ದೆಗೆ ಇಳಿಯಬೇಡಿ. ಬದುವಿನ ಮೇಲೆ ನಿಂತು ಇಡೀ ಗದ್ದೆಯನ್ನು ಒಮ್ಮೆ ನೋಡಿ. ಉಪ್ಪಿನ ಪೆಟ್ಟು ಸಾಮಾನ್ಯವಾಗಿ ಗದ್ದೆಯ ತುಂಬ ಒಂದೇ ಸಮನಾಗಿ ಬೀಳುವುದಿಲ್ಲ. ಒಂದು ಕಡೆ ಪೈರು ಸತ್ತು ನೆಲ ಕಾಣುತ್ತಿರುತ್ತದೆ, ನಾಲ್ಕು ಹೆಜ್ಜೆ ಆಚೆ ಕಡು ಹಸಿರು ಇರುತ್ತದೆ. ಆ ತೇಪೆ ಎಲ್ಲಿ ಬಿದ್ದಿದೆ ಎನ್ನುವುದೇ ಮೊದಲ ಸುಳಿವು.

ಗದ್ದೆಯೊಳಗಿನ ದಿಬ್ಬದಂಥ ಜಾಗದಲ್ಲಿ ಬಿದ್ದಿದ್ದರೆ ಉಪ್ಪಿನ ಅನುಮಾನ ಗಟ್ಟಿ. ನಾಲ್ಕೈದು ಸೆಂಟಿಮೀಟರ್ ಎತ್ತರವಿದ್ದರೂ ಸಾಕು. ಅಲ್ಲಿ ನೀರು ತೆಳುವಾಗಿ ನಿಲ್ಲುತ್ತದೆ, ಬೇಗ ಆರುತ್ತದೆ, ಕೆಳಗಿನ ಉಪ್ಪು ತೇವದ ಜೊತೆ ಮೇಲೇರಿ ಅಲ್ಲೇ ಉಳಿಯುತ್ತದೆ. ಬದುವಿನ ಅಂಚು, ನೀರು ಕೊನೆಗೆ ತಲುಪುವ ತುದಿ, ಕಾಲುವೆಯಿಂದ ಜಿನುಗು ಬರುವ ಪಕ್ಕ, ನೀರು ಹೊರಹೋಗಲು ದಾರಿಯಿಲ್ಲದ ತಗ್ಗು, ಇವೂ ಉಪ್ಪು ಕೂಡುವ ಜಾಗಗಳೇ.

ಇಡೀ ಗದ್ದೆ ಒಂದೇ ತೆರನಾಗಿ ತಿಳಿ ಹಳದಿಯಾಗಿದ್ದರೆ ಸಾರಜನಕದ ಕೊರತೆಯತ್ತ ಯೋಚಿಸಿ. ಗೊಬ್ಬರ ಎರಚುತ್ತಾ ನಡೆದ ದಾರಿಯಲ್ಲಿ ಪಟ್ಟೆ ಪಟ್ಟೆಯಾಗಿ ಸುಟ್ಟಿದ್ದರೆ ಅದು ಗೊಬ್ಬರ ಹೆಚ್ಚಾಗಿ ಬಿದ್ದ ಗುರುತು. ಏರು ತಗ್ಗಿಗೆ ಸಂಬಂಧವೇ ಇಲ್ಲದೆ ಒಂದು ಕಡೆ ಶುರುವಾಗಿ ಗಾಳಿ ಬೀಸಿದತ್ತ ಹರಡುತ್ತಿದ್ದರೆ ರೋಗವಿದೆಯೇ ಎಂದು ಮೊದಲು ನೋಡಬೇಕು.

ಕಾಲವನ್ನೂ ಕೇಳಿಕೊಳ್ಳಿ. ಮಳೆ ಬಂದ ಎರಡು ಮೂರು ದಿನಕ್ಕೆ ಪೈರು ಚೇತರಿಸಿ, ಬಿಸಿಲು ಗಾಳಿ ಹೊಡೆದ ವಾರದಲ್ಲಿ ಮತ್ತೆ ಕುಗ್ಗುತ್ತಿದೆಯೇ? ಹಾಗಿದ್ದರೆ ಉಪ್ಪಿನ ಸಂಶಯ ಇನ್ನಷ್ಟು ಬಲವಾಗುತ್ತದೆ. ಒಣ ಗಾಳಿಗೆ ಗಿಡ ಹೆಚ್ಚು ನೀರು ಎಳೆಯುತ್ತದೆ, ನೀರಿನ ಜೊತೆ ಉಪ್ಪೂ ಹೆಚ್ಚು ಬರುತ್ತದೆ.

## ಹಳೆಯ ಗರಿಗಳ ತುದಿ ಬಿಳಿಚಿ ಒಣಗುತ್ತಿದೆ

ಜನ ಹೆಚ್ಚಾಗಿ ಗಮನಿಸುವ ಲಕ್ಷಣ ಇದು. ತಪ್ಪಾಗಿ ಓದುವುದೂ ಇದನ್ನೇ. ಮೂರು ಬುಡ ಕಿತ್ತುಕೊಳ್ಳಿ: ಒಂದು ಕೆಟ್ಟ ತೇಪೆಯ ನಡುವಿನಿಂದ, ಒಂದು ಅದರ ಅಂಚಿನಿಂದ, ಒಂದು ಚೆನ್ನಾಗಿರುವ ಜಾಗದಿಂದ. ಬೇರು ತೊಳೆದು ಬಿಳಿ ಬಟ್ಟೆಯ ಮೇಲೆ ಪಕ್ಕಪಕ್ಕ ಮಲಗಿಸಿ. ಈಗ ಸುಳಿಯಿಂದ ಕೆಳಕ್ಕೆ ಗರಿಗಳನ್ನು ಎಣಿಸಿ. ನಿಂತ ಪೈರಿನಲ್ಲಿ ಕಾಣದ್ದು ಹೀಗೆ ಮಲಗಿಸಿದಾಗ ಸ್ಪಷ್ಟವಾಗಿ ಕಾಣುತ್ತದೆ. ಕೆಟ್ಟ ಬುಡದ ಕೆಳಗಿನ ಗರಿ ತುದಿಯಿಂದ ಅರ್ಧದವರೆಗೆ ಒಣಹುಲ್ಲಿನ ಬಣ್ಣ, ಅದರ ಮೇಲಿನದು ತುದಿಯಲ್ಲಿ ಬೆರಳಗಲ ಮಾತ್ರ, ಸುಳಿಯ ಗರಿ ಪೂರ್ತಿ ಹಸಿರು. ಮೆಟ್ಟಿಲಿನಂತೆ ಕೆಳಗಿನಿಂದ ಮೇಲಕ್ಕೆ ಪೆಟ್ಟು ಕಡಿಮೆಯಾಗುತ್ತಾ ಹೋಗುವ ಈ ಜೋಡಣೆಯೇ ಉಪ್ಪಿನ ರುಜು.

ಯಾಕೆ ಹೀಗೆ? ಬೇರು ಎಳೆದ ನೀರು ಗರಿಯಿಂದ ಆವಿಯಾಗಿ ಹೋಗುತ್ತದೆ, ಅದರೊಂದಿಗೆ ಬಂದ ಉಪ್ಪಿನ ಸೋಡಿಯಂ ಗರಿಯಲ್ಲೇ ಉಳಿಯುತ್ತದೆ. ಹೆಚ್ಚು ದಿನ ಬದುಕಿದ ಗರಿಯ ಮೂಲಕ ಹೆಚ್ಚು ನೀರು ಹೋಗಿರುತ್ತದೆ, ಆದ್ದರಿಂದ ಅದರಲ್ಲಿ ಉಪ್ಪೂ ಹೆಚ್ಚು. ಇದು ಅರ್ಧ ಕಾರಣ. ಉಳಿದರ್ಧ ಗಿಡದ ಸ್ವಂತ ಕೆಲಸ. ನೀರು ಮೇಲೇರುವ ನಾಳದ ಪಕ್ಕದ ಜೀವಕೋಶಗಳು ಸೋಡಿಯಂ ಅನ್ನು ದಾರಿಯಲ್ಲೇ ಹಿಡಿದು ಹಿಂದಕ್ಕೆ ಎಳೆದುಕೊಳ್ಳುತ್ತವೆ. ಈ ಕೆಲಸ ಮಾಡುವ ಒಂದು ಮುಖ್ಯ ಜೀನ್ ಓಎಸ್‌ಎಚ್‌ಕೆಟಿ1;5. ಪಶ್ಚಿಮ ಬಂಗಾಳದ ನೋನಾ ಬೊಕ್ರಾ ತಳಿಯಲ್ಲಿ ಅದನ್ನು ಪತ್ತೆ ಮಾಡಿ 2005ರಲ್ಲಿ ಪ್ರಕಟಿಸಿದರು. ಹಿಡಿತ ತಪ್ಪಿಸಿಕೊಂಡ ಉಪ್ಪಿನ ಒಂದಷ್ಟು ಪಾಲನ್ನು ಗಿಡ ಗರಿಯ ಬುಡದ ಕವಚದಲ್ಲಿ ತಡೆಯುತ್ತದೆ. ಅದೂ ತುಂಬಿದ ಮೇಲೆ ಹಳೆಯ ಗರಿಗಳು ಭಾರ ಹೊರುತ್ತವೆ, ಎಳೆಯ ಗರಿಗೆ ಆದಷ್ಟು ಕಡಿಮೆ ತಲುಪುತ್ತದೆ.

ಹಾಗಾಗಿ ಕೆಳಗಿನ ಗರಿ ಸತ್ತಿದ್ದನ್ನು ನೋಡಿ ಗಾಬರಿಯಾಗಬೇಡಿ, ಗಿಡ ಹೋರಾಡುತ್ತಿದೆ. ಗಾಬರಿಯಾಗಬೇಕಾದ್ದು ಸುಳಿಯ ಗರಿ ಬಿಳಿಚಿ, ಬಿಚ್ಚಿಕೊಳ್ಳದೆ, ಸೂಜಿಯಂತೆ ನಿಂತಾಗ. ಆಗ ಉಪ್ಪು ಬರುವ ವೇಗ ಹೊಸ ಗರಿ ಹುಟ್ಟುವ ವೇಗವನ್ನು ಮೀರಿದೆ ಎಂದರ್ಥ.

ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ತಳಿ ಪರೀಕ್ಷಕರು ಸಸಿ ಹಂತದಲ್ಲಿ ಉಪ್ಪಿನ ಪೆಟ್ಟು ಎಷ್ಟೆಂದು ನೋಡಿ 1, 3, 5, 7, 9 ಎಂದು ಅಂಕ ಕೊಡುತ್ತಾರೆ. ಗದ್ದೆಯಲ್ಲೂ ಇದು ಬಹಳ ಉಪಯುಕ್ತ. ಗರಿಯಲ್ಲಿ ಏನೂ ಕಾಣದಿದ್ದರೆ 1. ಬೆಳವಣಿಗೆ ಸರಿಯಿದೆ, ಕೆಲವು ಗರಿಗಳ ತುದಿ ಮಾತ್ರ ಬಿಳಿಚಿ ಸುರುಳಿಯಾಗಿದೆ ಎಂದರೆ 3. ಬೆಳವಣಿಗೆ ತೀರಾ ಕುಂಠಿತವಾಗಿ ಬಹುಪಾಲು ಗರಿ ಸುರುಳಿಯಾಗಿ ಒಂದೆರಡು ಮಾತ್ರ ಉದ್ದವಾಗುತ್ತಿದ್ದರೆ 5. ಬೆಳವಣಿಗೆ ನಿಂತು, ಗರಿಗಳು ಒಣಗಿ, ಕೆಲವು ಸಸಿ ಸಾಯುತ್ತಿದ್ದರೆ 7. ಬಹುತೇಕ ಸತ್ತಿದ್ದರೆ 9. ನನ್ನ ಅನುಭವದಲ್ಲಿ 5ರವರೆಗೂ ಒಳ್ಳೆಯ ನೀರು ಕೊಟ್ಟರೆ ಪೈರನ್ನು ಹಿಂದಕ್ಕೆ ತರಬಹುದು. 7ರ ತೇಪೆಗೆ ಗೊಬ್ಬರ ಸುರಿಯುವುದು ದಂಡ, ಅಲ್ಲಿ ಮರುನಾಟಿಯ ಲೆಕ್ಕ ಹಾಕುವುದೇ ಮೇಲು.

ಈಗ ಇದೇ ರೀತಿ ಕಾಣುವ ಬೇರೆ ತೊಂದರೆಗಳು. ಇವನ್ನು ತಳ್ಳಿಹಾಕದೆ ಮುಂದೆ ಹೋಗಬೇಡಿ.

ದುಂಡಾಣು ಎಲೆ ಅಂಗಮಾರಿಯೂ ತುದಿಯ ಕಡೆಯಿಂದಲೇ ಇಳಿಯುತ್ತದೆ, ಆದರೆ ಗರಿಯ ಅಂಚು ಹಿಡಿದು ಇಳಿಯುತ್ತದೆ. ಒಣಗಿದ್ದಕ್ಕೂ ಹಸಿರಿಗೂ ನಡುವಿನ ಗೆರೆ ಅಲೆ ಅಲೆಯಾಗಿ, ಹಳದಿಯಾಗಿ ಇರುತ್ತದೆ. ಪರೀಕ್ಷೆ ಸುಲಭ: ಒಣಗಿದ್ದೂ ಹಸಿರೂ ಸೇರುವ ಜಾಗದಲ್ಲಿ ಗರಿಯ ತುಂಡು ಕತ್ತರಿಸಿ, ಗಾಜಿನ ಲೋಟದ ತಿಳಿ ನೀರಿನಲ್ಲಿ ತೂಗುಬಿಡಿ, ಬೆಳಕಿಗೆ ಹಿಡಿದು ಕೆಲವು ನಿಮಿಷ ನೋಡಿ. ಕತ್ತರಿಸಿದ ಬಾಯಿಂದ ಹಾಲಿನ ಎಳೆಯಂತೆ ಇಳಿದರೆ ದುಂಡಾಣು ರೋಗ. ಅದಾಗಿದ್ದರೆ ಯೂರಿಯಾ ಹಾಕಿದಷ್ಟೂ ಉಲ್ಬಣ.

ಸತುವಿನ ಕೊರತೆ ನಾಟಿಯಾದ ಎರಡರಿಂದ ನಾಲ್ಕು ವಾರದಲ್ಲಿ ಕಾಣುತ್ತದೆ. ಕೆಳಗಿನ ಗರಿಗಳ ಮೇಲೆ ತುಕ್ಕಿನ ಬಣ್ಣದ ಚುಕ್ಕಿ ಬಂದು ಕೂಡಿಕೊಳ್ಳುತ್ತವೆ. ಎಳೆ ಗರಿಯ ನಡುನರ ಬುಡದ ಕಡೆ ಬಿಳಿಚಿರುತ್ತದೆ. ಉಪ್ಪಿನಲ್ಲಿ ಈ ತುಕ್ಕು ಚುಕ್ಕಿ ಇರುವುದಿಲ್ಲ. ಆದರೆ ಕ್ಷಾರ ಮಣ್ಣಿನಲ್ಲಿ (ಅದೇನೆಂದು ಮುಂದೆ ಹೇಳುತ್ತೇನೆ) ಎರಡೂ ಒಟ್ಟಿಗೆ ಬರುವುದು ಮಾಮೂಲು, ಒಂದು ಸಿಕ್ಕಿತೆಂದು ಇನ್ನೊಂದನ್ನು ಬಿಡಬೇಡಿ.

ಕಬ್ಬಿಣದ ನಂಜಿನಲ್ಲೂ ಕೆಳಗಿನ ಗರಿಗಳ ತುದಿಯಿಂದಲೇ ಸಣ್ಣ ಕಂದು ಚುಕ್ಕಿಗಳು ಶುರುವಾಗಿ, ಕೊನೆಗೆ ಗರಿಯೆಲ್ಲ ಕಂಚಿನ ಬಣ್ಣಕ್ಕೆ ತಿರುಗುತ್ತದೆ. ಬೇರು ತೊಳೆದು ನೋಡಿ, ದಪ್ಪ ಕಡುಕಂದು ಲೇಪವಿರುತ್ತದೆ. ಇದು ಹುಳಿ ಮಣ್ಣಿನ ತೊಂದರೆ.

ಪೊಟ್ಯಾಷ್ ಕೊರತೆಯನ್ನು ಬೇರ್ಪಡಿಸುವುದು ಎಲ್ಲಕ್ಕಿಂತ ಕಷ್ಟ. ಹಳೆಯ ಗರಿಯ ತುದಿ ಮತ್ತು ಅಂಚು ಹಳದಿ ಕಂದಾಗುತ್ತದೆ, ಮೇಲಿನ ಗರಿಗಳು ಗಿಡ್ಡವಾಗಿ ಕಡು ಹಸಿರಾಗಿರುತ್ತವೆ. ಸೋಡಿಯಂ ಹೆಚ್ಚಾದಾಗ ಬೇರಿಗೆ ಪೊಟ್ಯಾಷಿಯಂ ಎಳೆಯುವುದು ಕಷ್ಟವಾಗುವುದರಿಂದ ಉಪ್ಪೇ ಈ ಕೊರತೆಯನ್ನು ತರಬಲ್ಲದು. ಇಲ್ಲಿ ಕಣ್ಣನ್ನು ನಂಬಬೇಡಿ, ಮಣ್ಣು ಪರೀಕ್ಷೆಯ ಮಾತು ಕೇಳಿ.

## ಕಾಲ ಕೆಳಗೆ ನೀರಿದ್ದರೂ ಗರಿ ಸುತ್ತಿಕೊಂಡಿದೆ

ನಾಟಿಯಾದ ಎರಡು ಮೂರು ದಿನಕ್ಕೇ ಹೀಗಾದರೆ ಮೊದಲ ಗುಮಾನಿ ನಾಟಿಯ ನೋವು. ಬೇರು ಹರಿದ ಸಸಿ ಒಂದಷ್ಟು ಬಾಡುವುದು ಸಹಜ, ವಾರದೊಳಗೆ ಎದ್ದು ನಿಲ್ಲುತ್ತದೆ. ಏಳದಿದ್ದರೆ ಉಪ್ಪಿನ ಮೊದಲ ಏಟು ಎಂದು ತಿಳಿಯಿರಿ.

ಉಪ್ಪು ಎರಡು ಹಂತದಲ್ಲಿ ಹೊಡೆಯುತ್ತದೆ. ಮೊದಲನೆಯದರಲ್ಲಿ ಉಪ್ಪು ಗಿಡದೊಳಗೆ ಬಂದಿರಬೇಕೆಂದೇ ಇಲ್ಲ. ಹೊರಗಿನ ನೀರು ಉಪ್ಪಾದ ತಕ್ಷಣ ಬೇರಿಗೆ ಆ ನೀರನ್ನು ಎಳೆಯುವುದು ಕಷ್ಟವಾಗುತ್ತದೆ. ನೀರಿನಲ್ಲಿ ನಿಂತೂ ಗಿಡಕ್ಕೆ ಬಾಯಾರಿಕೆ. ಹೊಸ ಗರಿಯ ಬೆಳವಣಿಗೆ ಕೆಲವೇ ಗಂಟೆಗಳಲ್ಲಿ ನಿಧಾನವಾಗುತ್ತದೆ. ಎರಡನೆಯದು ದಿನ, ವಾರಗಳ ಮೇಲೆ ಬರುವ ಸೋಡಿಯಂ ನಂಜು, ಮೇಲೆ ಹೇಳಿದ ತುದಿ ಒಣಗುವಿಕೆ. ಮೊದಲ ಹಂತದಲ್ಲೇ ಹಿಡಿದರೆ ಕೆಲಸ ಸುಲಭ: ನಿಂತ ನೀರು ಬಿಟ್ಟು ಸಿಹಿ ನೀರು ಕಟ್ಟಿ ನೋಡಿ. ಒಂದೆರಡು ದಿನದಲ್ಲಿ ಗರಿ ಬಿಚ್ಚಿಕೊಂಡರೆ ಉಪ್ಪೇ ಕಾರಣವಾಗಿತ್ತು, ಮದ್ದೂ ಸಿಕ್ಕಿತು.

## ನೆಲದ ಮೇಲೆ ಬಿಳಿ ಪುಡಿ, ಅಥವಾ ನೀರು ಸದಾ ಕಲಕು

ಚೌಳು, ಸವಳು ಎಂದು ನಾವು ಒಂದೇ ಮಾತಿನಲ್ಲಿ ಕರೆಯುವುದರಲ್ಲಿ ಎರಡು ಬೇರೆ ಬೇರೆ ಕಾಯಿಲೆಗಳಿವೆ. ಒಂದರ ಔಷಧ ಇನ್ನೊಂದಕ್ಕೆ ಆಗುವುದಿಲ್ಲ, ಹಾಗಾಗಿ ಈ ಭಾಗವನ್ನು ಆತುರದಲ್ಲಿ ದಾಟಬೇಡಿ.

ಲವಣ ಮಣ್ಣಿನಲ್ಲಿ ಕರಗುವ ಉಪ್ಪು ಹೆಚ್ಚು. ಒಣಗಿದಾಗ ಬಿಳಿ ಪದರ ಕೂರುತ್ತದೆ, ಮಣ್ಣು ಪುಡಿಪುಡಿಯಾಗಿರುತ್ತದೆ, ನೀರು ಇಂಗುತ್ತದೆ, ನಿಂತ ನೀರು ಬೇಗ ತಿಳಿಯಾಗುತ್ತದೆ. ಕ್ಷಾರ ಮಣ್ಣಿನಲ್ಲಿ ಮಣ್ಣಿನ ಕಣಗಳಿಗೇ ಸೋಡಿಯಂ ಅಂಟಿಕೊಂಡಿರುತ್ತದೆ. ಮಣ್ಣು ಒದ್ದೆಯಾದರೆ ಅಂಟು, ಒಣಗಿದರೆ ಕಲ್ಲು. ನೀರು ಇಂಗುವುದಿಲ್ಲ, ವಾರ ಕಳೆದರೂ ಕಲಕಾಗಿಯೇ ಇರುತ್ತದೆ. ಮಣ್ಣಿನ ಸಾವಯವ ಅಂಶ ಕರಗಿ ಮೇಲೆ ಕಪ್ಪು ಜಿಡ್ಡು ಕಾಣಿಸುವುದೂ ಉಂಟು. ಲೆಕ್ಕದಲ್ಲಿ ಹೇಳುವುದಾದರೆ, ನೀರಿನಲ್ಲಿ ನೆನೆಸಿದ ಮಣ್ಣಿನಿಂದ ಹಿಂಡಿ ತೆಗೆದ ಸಾರದ ವಿದ್ಯುತ್ ವಾಹಕತೆ, ಅಂದರೆ ಇ.ಸಿ., ಮೀಟರಿಗೆ 4 ಡೆಸಿಸೀಮನ್ಸ್‌ಗಿಂತ ಹೆಚ್ಚಿದ್ದು ರಸಸಾರ, ಅಂದರೆ ಪಿಎಚ್, 8.5ಕ್ಕಿಂತ ಕಡಿಮೆಯಿದ್ದರೆ ಲವಣ ಮಣ್ಣು. ವಿನಿಮಯ ಸೋಡಿಯಂ, ಅಂದರೆ ಕಣಗಳಿಗೆ ಅಂಟಿದ ಸೋಡಿಯಂ ಪಾಲು, ಶೇಕಡಾ 15ನ್ನು ಮೀರಿ, ರಸಸಾರ 8.5ನ್ನು ದಾಟಿದ್ದರೆ ಕ್ಷಾರ ಮಣ್ಣು. ಇ.ಸಿ.ಯೂ ಸೋಡಿಯಂ ಪಾಲೂ ಎರಡೂ ಮೀರಿರುವ ಮಣ್ಣೂ ಇದೆ.

ಬಿಳಿ ಪದರವೆಲ್ಲ ಉಪ್ಪಲ್ಲ. ಅದರ ಮೇಲೆ ಎರಡು ಹನಿ ವಿನೆಗರ್ ಬಿಡಿ. ಬುಸುಬುಸು ನೊರೆ ಬಂದರೆ ಅದರಲ್ಲಿ ಸುಣ್ಣ ಇರಬಹುದು. ನೀರಿನಲ್ಲಿ ಪೂರ್ತಿ ಕರಗಿಹೋದರೆ ಉಪ್ಪು. ನಾಲಿಗೆಗೆ ಇಟ್ಟು ನೋಡುವ ಅಭ್ಯಾಸ ಹಲವರಿಗಿದೆ, ದಯವಿಟ್ಟು ಬೇಡ. ಕೀಟನಾಶಕ, ಕಳೆನಾಶಕ ಬಿದ್ದ ಮಣ್ಣದು.

ನನಗೆ ಬಹಳ ನಂಬಿಕೆಯಿರುವುದು ಲೋಟದ ಪರೀಕ್ಷೆಯ ಮೇಲೆ. ಗದ್ದೆಯಿಂದ ಒಣಗಿದ, ಕಡಲೆ ಕಾಳಿನಷ್ಟು ಹೆಂಟೆ ತನ್ನಿ. ಗಾಜಿನ ಲೋಟದಲ್ಲಿ ಮಳೆ ನೀರನ್ನೋ ಬಟ್ಟಿ ಇಳಿಸಿದ ನೀರನ್ನೋ ತುಂಬಿ ಹೆಂಟೆಯನ್ನು ಮೆಲ್ಲಗೆ ಬಿಡಿ. ಕಲಕಬೇಡಿ, ಅಲುಗಿಸಬೇಡಿ. ಎರಡು ಗಂಟೆ ಬಿಟ್ಟು ಒಮ್ಮೆ, ಮರುದಿನ ಬೆಳಗ್ಗೆ ಇನ್ನೊಮ್ಮೆ ನೋಡಿ. ಹೆಂಟೆ ಕುಸಿದು ಪುಡಿಯಾದರೂ ಸುತ್ತಲಿನ ನೀರು ತಿಳಿಯಾಗಿದ್ದರೆ ಅದು ಕ್ಷಾರದ ಗುರುತಲ್ಲ. ಹೆಂಟೆಯ ಸುತ್ತ ಹಾಲಿನ ಮೋಡ ಎದ್ದು ತಳವೆಲ್ಲ ಹರಡಿದ್ದರೆ ಸೋಡಿಯಂ ಕಣಗಳನ್ನು ಒಂದರಿಂದ ಒಂದು ಬಿಡಿಸುತ್ತಿದೆ, ಕ್ಷಾರ ಮಣ್ಣು. ಒಂದು ಎಚ್ಚರಿಕೆ: ಕರಗಿದ ಉಪ್ಪು ತುಂಬ ಇದ್ದರೆ ಸೋಡಿಯಂ ಇದ್ದೂ ನೀರು ತಿಳಿಯಾಗೇ ಇರುತ್ತದೆ, ಯಾಕೆಂದರೆ ಉಪ್ಪು ಕಣಗಳನ್ನು ಕೂಡಿಸಿ ಹಿಡಿಯುತ್ತದೆ. ಅಂಥ ಗದ್ದೆಯಲ್ಲಿ ಉಪ್ಪು ತೊಳೆದುಹೋದ ಮೇಲೆ ಕ್ಷಾರದ ಗುಣ ತಲೆ ಎತ್ತುತ್ತದೆ. ಕೊಳಾಯಿ ನೀರು, ಕೊಳವೆಬಾವಿ ನೀರಿನಲ್ಲಿ ಈ ಪರೀಕ್ಷೆ ಮಾಡಿದರೆ ಉತ್ತರ ತಪ್ಪುತ್ತದೆ.

ಭತ್ತ ಕ್ಷಾರವನ್ನು ಉಪ್ಪಿಗಿಂತ ಚೆನ್ನಾಗಿ ತಡೆಯುತ್ತದೆ. ಕ್ಷಾರ ಮಣ್ಣನ್ನು ಸರಿಪಡಿಸುವಾಗ ಮೊದಲ ಬೆಳೆಯಾಗಿ ಭತ್ತವನ್ನೇ ಹಾಕುವುದು ಅದಕ್ಕೇ.

## ಇ.ಸಿ. ಮೀಟರ್ ಹಿಡಿಯುವ ಹೊತ್ತು

ಇಲ್ಲಿಯವರೆಗೆ ಕಣ್ಣು, ಕೈ, ಲೋಟ ಸಾಕಾಗಿತ್ತು. ಇನ್ನು ಪೆನ್ನಿನಂಥ ಇ.ಸಿ. ಮೀಟರ್ ಬೇಕು. ಬಳಸುವ ಮೊದಲು 1413 ಎಂದು ಬರೆದಿರುವ ಮಾಪಕ ದ್ರಾವಣದಲ್ಲಿ ಅದ್ದಿ ಸರಿಹೊಂದಿಸಿ. ಹಾಗೆ ಮಾಡದ ಮೀಟರಿನ ಅಂಕಿಯನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಪರದೆಯಲ್ಲಿ ಸೆಂಟಿಮೀಟರಿಗೆ ಇಷ್ಟು ಮೈಕ್ರೋಸೀಮನ್ಸ್ ಎಂದು ಇದ್ದರೆ, 1000 ಎಂದರೆ ಮೀಟರಿಗೆ 1 ಡೆಸಿಸೀಮನ್ಸ್. ಅಷ್ಟಿದ್ದರೆ ಒಂದು ಲೀಟರಿಗೆ ಹೆಚ್ಚುಕಡಿಮೆ 640 ಮಿಲಿಗ್ರಾಂ ಉಪ್ಪು ಕರಗಿದೆ ಎಂದು ತಿಳಿಯಬಹುದು.

ಮೂರು ಕಡೆ ಅಳೆಯಿರಿ: ಗದ್ದೆಗೆ ಬರುವ ನೀರು, ಕೆಟ್ಟ ತೇಪೆಯಲ್ಲಿ ನಿಂತ ನೀರು, ಗದ್ದೆಯಿಂದ ಹೊರಹೋಗುವ ನೀರು. ಒಳಬರುವಾಗ 0.5 ಇದ್ದು ತೇಪೆಯಲ್ಲಿ 4 ಇದ್ದರೆ ಉಪ್ಪು ಮಣ್ಣಿನಲ್ಲಿದೆ, ನೀರು ನಿಮ್ಮ ಮಿತ್ರ. ಒಳಬರುವಾಗಲೇ 2ನ್ನು ಮೀರಿದ್ದರೆ ಪ್ರತಿ ಬಾರಿ ನೀರು ಕಟ್ಟಿದಾಗಲೂ ಉಪ್ಪು ಸೇರಿಸುತ್ತಿದ್ದೀರಿ. 2 ಇದ್ದ ನೀರು ಬಿಸಿಲಿಗೆ ಅರ್ಧ ಆರಿದರೆ ಉಳಿದದ್ದು 4 ಆಗಿರುತ್ತದೆ, ಅಷ್ಟು ಸರಳ ಲೆಕ್ಕ. ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಅಳೆದರೆ ಈ ಏರಿಕೆ ನಿಮಗೇ ಕಾಣುತ್ತದೆ.

ಮಣ್ಣಿಗೆ: ಮೇಲಿನ 15 ಸೆಂಟಿಮೀಟರಿನಿಂದ ಐದಾರು ಕಡೆ ಮಣ್ಣು ತೆಗೆದು ನೆರಳಲ್ಲಿ ಒಣಗಿಸಿ, ಒಂದು ಪಾಲು ಮಣ್ಣಿಗೆ ತೂಕದಲ್ಲಿ ಐದು ಪಾಲು ಬಟ್ಟಿ ಇಳಿಸಿದ ನೀರು ಸೇರಿಸಿ ಕುಲುಕಿ, ತಿಳಿಯಾದ ಮೇಲೆ ಅಳೆಯಿರಿ. ಬಂದ ಅಂಕಿಯನ್ನು ಜೇಡಿ ಮಣ್ಣಾದರೆ 6ರಿಂದ 8, ಗೋಡು ಮಣ್ಣಾದರೆ 9ರಿಂದ 10, ಮರಳು ಮಿಶ್ರಿತ ಗೋಡಾದರೆ ಸುಮಾರು 14ರಿಂದ ಗುಣಿಸಿದರೆ ಮಣ್ಣಿನ ಸಾರದ ಇ.ಸಿ. ಅಂದಾಜು ಸಿಗುತ್ತದೆ. ಇದು ಅಂದಾಜು ಮಾತ್ರ. ಭತ್ತಕ್ಕೆ ಆ ಸಾರದ ಇ.ಸಿ. 3ರವರೆಗೆ ಇಳುವರಿ ಹೆಚ್ಚೇನೂ ಕುಗ್ಗುವುದಿಲ್ಲ. ಅಲ್ಲಿಂದ ಮುಂದೆ ಪ್ರತಿ ಒಂದು ಅಂಕಕ್ಕೆ ಶೇಕಡಾ 12ರಷ್ಟು ಇಳಿಯುತ್ತದೆ ಎಂಬುದು ಬಹುಕಾಲದಿಂದ ಬಳಕೆಯಲ್ಲಿರುವ ಲೆಕ್ಕ. 5 ಇದ್ದರೆ ಕಾಲು ಭಾಗ ಹೋಯಿತು, 7 ದಾಟಿದರೆ ಅರ್ಧ. ತಳಿ, ಹವೆ, ಪೈರಿನ ಹಂತ ನೋಡಿ ಇದು ಅತ್ತಿತ್ತ ಆಗುತ್ತದೆ.

ಪಂಪಿನ ಬಾಯಲ್ಲಿ ನೀರು ಹಿಡಿಯುವಾಗ ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಬೇಡಿ, ಉಪ್ಪು ನೀರು ವಿದ್ಯುತ್ತನ್ನು ಇನ್ನೂ ಸಲೀಸಾಗಿ ಹರಿಸುತ್ತದೆ. ಅದೇ ಬಾವಿಯ ನೀರನ್ನು ಮನೆಯವರು, ದನಕರು ಕುಡಿಯುತ್ತಿದ್ದರೆ ಮೊದಲು ಕುಡಿಯುವ ನೀರಿನ ಪರೀಕ್ಷೆ ಮಾಡಿಸಿ, ಪೈರಿನದು ಆಮೇಲೆ.

## ಪೈರು ಗಿಡ್ಡ, ತೆಂಡೆ ಕಡಿಮೆ, ಒಣಗಿದ್ದೇನೂ ಕಾಣದು

ಇದು ಕಡಿಮೆ ಪ್ರಮಾಣದ, ಬಹುದಿನದ ಉಪ್ಪಿನ ಲಕ್ಷಣ ಇರಬಹುದು, ಆದರೆ ಹತ್ತು ಬೇರೆ ಕಾರಣಗಳೂ ಇರಬಹುದು. ತೆಂಡೆ, ಅಂದರೆ ಬುಡದ ಕವಲು, ಒಡೆಯುವ ಹಂತದಲ್ಲಿ ಭತ್ತ ತಕ್ಕಮಟ್ಟಿಗೆ ಗಟ್ಟಿ, ಹಾಗಾಗಿ ಗರಿ ಸುಡದೆಯೇ ಬೆಳವಣಿಗೆ ಕುಗ್ಗುತ್ತದೆ. ಬೇರೆ ಲಕ್ಷಣವಿಲ್ಲದೆ ಕೇವಲ ಗಿಡ್ಡತನ ನೋಡಿ ಉಪ್ಪೆಂದು ತೀರ್ಮಾನಿಸಬೇಡಿ, ಮೀಟರಿನ ಅಂಕಿ ಬೇಕು. ಗಿಡ್ಡ ಪೈರು ಕಿತ್ತಳೆ ಮಿಶ್ರಿತ ಹಳದಿಯಾಗಿದ್ದು ಜಿಗಿಹುಳುಗಳೂ ಇದ್ದರೆ ತುಂಗ್ರೋ ನಂಜುರೋಗವನ್ನು ನೆನಪಿಸಿಕೊಳ್ಳಿ.

## ತೆನೆ ಬಂತು, ಕಾಳು ಕಟ್ಟಲಿಲ್ಲ

ಎಲ್ಲಕ್ಕಿಂತ ಹೆಚ್ಚು ನೋವು ಕೊಡುವುದು ಇದು, ಯಾಕೆಂದರೆ ಗರಿಗಳು ಹಸಿರಾಗೇ ಇರುತ್ತವೆ. ಭತ್ತ ಮೊಳಕೆಯಲ್ಲಿ ಉಪ್ಪು ತಡೆಯುತ್ತದೆ, ಎರಡು ಮೂರು ಎಲೆಯ ಸಸಿಯಾದಾಗ ತೀರಾ ಸೂಕ್ಷ್ಮವಾಗುತ್ತದೆ, ತೆಂಡೆ ಹಂತದಲ್ಲಿ ಮತ್ತೆ ಗಟ್ಟಿಯಾಗುತ್ತದೆ, ತೆನೆ ಹುಟ್ಟುವಾಗಿನಿಂದ ಹೂವಿನವರೆಗೆ ಮತ್ತೊಮ್ಮೆ ಸೂಕ್ಷ್ಮವಾಗುತ್ತದೆ, ಕಾಳು ಬಲಿಯುವಾಗ ಪುನಃ ತಡೆಯುತ್ತದೆ. ತೆನೆ ಕಣ್ಣಿಗೆ ಬೀಳುವ ಸುಮಾರು 30 ದಿನ ಮೊದಲೇ ಅದು ಕಾಂಡದೊಳಗೆ ಹುಟ್ಟಿರುತ್ತದೆ. ಆ ದಿನಗಳಲ್ಲಿ ಗದ್ದೆಯ ನೀರು ಉಪ್ಪಾದರೆ ಹೂಗಳ ಸಂಖ್ಯೆ ಕುಗ್ಗುತ್ತದೆ, ಪರಾಗ ಸೊರಗುತ್ತದೆ, ತೆನೆ ಕವಚದಿಂದ ಪೂರ್ತಿ ಹೊರಬರದೆ ಅರ್ಧಕ್ಕೆ ಸಿಕ್ಕಿಕೊಳ್ಳುವುದೂ ಇದೆ.

ಜೊಳ್ಳಿಗೆ ಕಾರಣ ಹುಡುಕುವಾಗ ಮೊದಲು ಒಂದು ಬಿಳಿ ತೆನೆಯನ್ನು ಹಿಡಿದು ಮೇಲಕ್ಕೆ ಎಳೆಯಿರಿ. ಸಲೀಸಾಗಿ ಕಿತ್ತು ಬಂದು, ಬುಡದಲ್ಲಿ ತಿಂದ ಗುರುತಿದ್ದರೆ ಕಾಂಡಕೊರಕ. ಕಿತ್ತು ಬರದೆ, ಒಂದೇ ತೆನೆಯಲ್ಲಿ ಅಲ್ಲಲ್ಲಿ ಬಿಳಿ ಜೊಳ್ಳು, ನಡುವೆ ತುಂಬಿದ ಕಾಳು ಇದ್ದರೆ ಪರಾಗಸ್ಪರ್ಶ ಕೆಟ್ಟಿದೆ. ಅದಕ್ಕೆ ಉಪ್ಪೂ ಕಾರಣವಾಗಬಹುದು, ಹೂವಿನ ಹೊತ್ತಿನ 35 ಡಿಗ್ರಿ ಮೀರಿದ ಬಿಸಿಲೂ ಆಗಬಹುದು, ಹೊಡೆ ತುಂಬುವಾಗಿನ ಚಳಿಯೂ, ನೀರಿನ ಕೊರತೆಯೂ ಆಗಬಹುದು. ಬಿಸಿಲು, ಚಳಿಯಾದರೆ ಅಕ್ಕಪಕ್ಕದ ಅದೇ ತಳಿ, ಅದೇ ವಯಸ್ಸಿನ ಗದ್ದೆಗಳಲ್ಲೂ ಜೊಳ್ಳಿರುತ್ತದೆ. ಉಪ್ಪಾದರೆ ನಿಮ್ಮ ಗದ್ದೆಯೊಳಗೇ ತೇಪೆಯ ಜಾಗದಲ್ಲಿ ಹೆಚ್ಚು, ಬೇರೆಡೆ ಕಡಿಮೆ. ಹತ್ತು ತೆನೆ ಇಲ್ಲಿಂದ, ಹತ್ತು ತೆನೆ ಅಲ್ಲಿಂದ ತಂದು ಜೊಳ್ಳು ಎಣಿಸಿ.

ಈ ಹಂತದಲ್ಲಿ ಹೋದ ಕಾಳನ್ನು ಯಾವ ಸಿಂಪರಣೆಯೂ ಮರಳಿ ತರುವುದಿಲ್ಲ. ತರುತ್ತೇನೆಂದು ಹೇಳುವ ಬಾಟಲಿಗೆ ಹಣ ಕೊಡಬೇಡಿ.

## ಉಪ್ಪೆಂದು ಖಚಿತವಾಯಿತು, ಈಗೇನು?

ಮೊದಲು ನೀರು. ಗದ್ದೆಯನ್ನು ಆರಗೊಡಬೇಡಿ. ಸುಮಾರು 5 ಸೆಂಟಿಮೀಟರ್ ನೀರು ಸದಾ ಇರಲಿ. ಆರಿಸಿ ನೀರು ಕಟ್ಟುವ ಪದ್ಧತಿ ಬೇರೆ ಗದ್ದೆಗಳಲ್ಲಿ ಒಳ್ಳೆಯದೇ, ಉಪ್ಪಿನ ಗದ್ದೆಯಲ್ಲಿ ಅದು ಉಪ್ಪನ್ನು ಬೇರಿನ ಬಳಿಗೆ ಕರೆತರುತ್ತದೆ. ಒಳ್ಳೆಯ ನೀರು ಸಿಕ್ಕಾಗ ಕಟ್ಟಿ, ಒಂದೆರಡು ದಿನ ನಿಲ್ಲಿಸಿ, ಪೂರ್ತಿ ಬಸಿದು ಮತ್ತೆ ಕಟ್ಟಿ. ಹೊರಹೋಗುವ ನೀರಿನ ಇ.ಸಿ. ಪ್ರತಿ ಸಲ ಇಳಿಯುತ್ತಿದೆಯೇ ನೋಡಿ. ಇಳಿಯುತ್ತಿದ್ದರೆ ಕೆಲಸ ನಡೆಯುತ್ತಿದೆ. ಗೊಬ್ಬರವನ್ನೋ ಔಷಧವನ್ನೋ ಹಾಕಿ ಕೆಲವೇ ದಿನವಾಗಿದ್ದರೆ ಬಸಿಯಬೇಡಿ. ಬಸಿದ ನೀರು ಪಕ್ಕದವರ ಗದ್ದೆಗೆ, ಕುಡಿಯುವ ಕೆರೆಗೆ ಹೋಗದಂತೆ ಬಸಿಗಾಲುವೆಗೇ ತಿರುಗಿಸಿ.

ಬೆಳೆ ಇಲ್ಲದಾಗ ತೊಳೆಯುವುದು ಇನ್ನೂ ಪರಿಣಾಮಕಾರಿ. ಎಷ್ಟು ಆಳದ ಮಣ್ಣು ತೊಳೆಯಬೇಕೋ ಅಷ್ಟೇ ಆಳದ ನೀರು ಅದರ ಮೂಲಕ ಇಳಿದರೆ ಉಪ್ಪಿನ ಸುಮಾರು ಶೇಕಡಾ 80 ಭಾಗ ಕೆಳಗೆ ಹೋಗುತ್ತದೆ ಎಂಬುದು ರೂಢಿಯ ಲೆಕ್ಕ. ಅದಕ್ಕೆ ಕೆಳಗೆ ಬಸಿದುಹೋಗಲು ದಾರಿ ಬೇಕು. ಕೆಸರು ಮಾಡಿದ ಮೇಲೆ ನೀರು ಇಂಗುವುದು ಕಡಿಮೆಯಾಗುವುದರಿಂದ ತೊಳೆಯುವ ಕೆಲಸ ಅದಕ್ಕಿಂತ ಮೊದಲೇ ಆಗಲಿ.

ನಾಟಿಯಲ್ಲಿ: ನೇರ ಬಿತ್ತನೆ ಬಿಡಿ. 35ರಿಂದ 40 ದಿನದ ಬಲಿತ ಸಸಿ, ಗುಣಿಗೆ ಮೂರು ನಾಲ್ಕು, ಸ್ವಲ್ಪ ಒತ್ತಾಗಿ ನೆಡಿ. ಸೂಕ್ಷ್ಮ ವಯಸ್ಸನ್ನು ಸಸಿಮಡಿಯ ಒಳ್ಳೆಯ ನೀರಿನಲ್ಲೇ ಕಳೆಯಲಿ ಎಂಬುದು ಇದರ ಉದ್ದೇಶ. ದಿಬ್ಬದ ಜಾಗವನ್ನು ಮಟ್ಟ ಮಾಡುವುದು ಯಾವ ಔಷಧಕ್ಕಿಂತಲೂ ಹೆಚ್ಚು ಫಲ ಕೊಡುವುದನ್ನು ನಾನು ಕಂಡಿದ್ದೇನೆ.

ಜಿಪ್ಸಂ ಕ್ಷಾರ ಮಣ್ಣಿಗೆ. ಅದರ ಕ್ಯಾಲ್ಸಿಯಂ ಸೋಡಿಯಂ ಅನ್ನು ಕಣದಿಂದ ಬಿಡಿಸುತ್ತದೆ, ಬಿಡಿಸಿದ್ದನ್ನು ನೀರು ತೊಳೆಯಬೇಕು. ಬರೀ ಲವಣ ಮಣ್ಣಿಗೆ ಜಿಪ್ಸಂ ಹಾಕಿದರೆ ಪ್ರಯೋಜನವಿಲ್ಲ. ಪ್ರಮಾಣವನ್ನು ಪ್ರಯೋಗಾಲಯದ ಜಿಪ್ಸಂ ಅಗತ್ಯದ ಪರೀಕ್ಷೆ ಹೇಳಬೇಕು. ನಾಟಿಗೆ ಮೊದಲೇ ಮೇಲಿನ 10 ಸೆಂಟಿಮೀಟರ್ ಮಣ್ಣಿಗೆ ಬೆರೆಸಿ, 10ರಿಂದ 15 ದಿನ ನೀರು ನಿಲ್ಲಿಸಿ ಬಸಿಯಿರಿ. ಕ್ಷಾರ ಗದ್ದೆಗೆ ಹೆಕ್ಟೇರಿಗೆ 25 ಕಿಲೋ ಸತುವಿನ ಸಲ್ಫೇಟ್ ರೂಢಿಯ ಪ್ರಮಾಣ, ರಂಜಕದ ಗೊಬ್ಬರದೊಂದಿಗೆ ಕಲಸಬೇಡಿ. ಯೂರಿಯಾವನ್ನು ಕಂತುಗಳಲ್ಲಿ ಕೊಡಿ, ಕ್ಷಾರದಲ್ಲಿ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ.

## ಉಪ್ಪು ತಡೆಯುವ ತಳಿ ಹಾಕಿದರೂ ಸುಟ್ಟಿತು

ಬೀಜ ಮೋಸವಾಯಿತೆಂದು ತೀರ್ಮಾನಿಸುವ ಮೊದಲು ಯಾವ ಹಂತದಲ್ಲಿ ಸುಟ್ಟಿತು ನೋಡಿ. ಕೇರಳದ ಪೊಕ್ಕಾಲಿ ಭತ್ತದಿಂದ ಬಂದ ಸಾಲ್ಟಾಲ್ ಎಂಬ ವರ್ಣತಂತು ಭಾಗವನ್ನು, ಅದು ಇರುವುದು 1ನೇ ವರ್ಣತಂತುವಿನಲ್ಲಿ, ಹಲವು ಹೊಸ ತಳಿಗಳಿಗೆ ಸೇರಿಸಿದ್ದಾರೆ. ಅದು ಕಾಯುವುದು ಮುಖ್ಯವಾಗಿ ಸಸಿಯನ್ನು. ಸಸಿಯ ತಾಳಿಕೆಗೂ ಹೂವಿನ ಹಂತದ ತಾಳಿಕೆಗೂ ಹೆಚ್ಚಿನ ನಂಟಿಲ್ಲ, ಒಂದಿದ್ದರೆ ಇನ್ನೊಂದು ಇದ್ದೇ ಇರುತ್ತದೆ ಎನ್ನಲಾಗದು. ಬೀಜ ಕೊಳ್ಳುವಾಗ "ಯಾವ ಹಂತಕ್ಕೆ?" ಎಂದು ಕೇಳಿ.

ಪೊಕ್ಕಾಲಿ ಬೆಳೆಯುವವರೂ, ಉತ್ತರ ಕನ್ನಡದ ಗಜನಿ ಎಂಬ ಉಪ್ಪುನೀರಿನ ಗದ್ದೆಗಳಲ್ಲಿ ಕಗ್ಗ ಭತ್ತ ಬೆಳೆಯುವವರೂ ತಳಿಯೊಂದನ್ನೇ ನಂಬಿ ಕೂರುವುದಿಲ್ಲ, ಮಳೆಗೆ ಕಾಯುತ್ತಾರೆ. ಪೊಕ್ಕಾಲಿ ಗದ್ದೆಯಲ್ಲಿ ಬೇಸಿಗೆಯಲ್ಲೇ ಮಣ್ಣನ್ನು ಗುಡ್ಡೆ ಮಾಡಿಡುತ್ತಾರೆ. ಮಳೆಗಾಲದ ಮೊದಲ ನೀರು ಗುಡ್ಡೆಯ ಉಪ್ಪನ್ನು ತೊಳೆದ ಮೇಲೆ ಅದರ ನೆತ್ತಿಯ ಮೇಲೆ ಮೊಳಕೆ ಬೀಜ ಹಾಕುತ್ತಾರೆ. ಸಸಿ ಬಲಿತ ಮೇಲೆ ಗುಡ್ಡೆ ಒಡೆದು ಸಸಿಸಮೇತ ಮಣ್ಣನ್ನು ಸುತ್ತ ಹರಡುತ್ತಾರೆ. ಎಳೆಯ ಸಸಿಯ ಬೇರು ಉಪ್ಪು ಮುಟ್ಟದಂತೆ ಮಾಡುವ ಈ ಉಪಾಯವನ್ನು ನೆನೆದಾಗಲೆಲ್ಲ ನನಗೆ ಗೌರವ ಹೆಚ್ಚುತ್ತದೆ.

## ಇಲ್ಲಿ ನಿಲ್ಲಿಸಿ, ತಿಳಿದವರನ್ನು ಕರೆಯಿರಿ

ಬರುವ ನೀರೇ 3 ಡೆಸಿಸೀಮನ್ಸ್ ಮೀರಿದ್ದು ಬೇರೆ ನೀರಿಲ್ಲದಿದ್ದರೆ ಮುಂದಿನ ಖರ್ಚು ನಿಲ್ಲಿಸಿ. ಮೂರು ಸಲ ತೊಳೆದರೂ ಹೊರಹೋಗುವ ನೀರಿನ ಅಂಕಿ ಇಳಿಯದಿದ್ದರೆ ಅಂತರ್ಜಲ ಮೇಲೆ ಬಂದಿರಬಹುದು, ಅದು ಒಂದು ಗದ್ದೆಯಲ್ಲಿ ಬಗೆಹರಿಯುವ ಮಾತಲ್ಲ, ಬಸಿಗಾಲುವೆಯ ಯೋಜನೆಯೇ ಬೇಕು.

ಕರಾವಳಿಯ ತಗ್ಗಿನಲ್ಲಿ ಮಣ್ಣು ಅಗೆದಾಗ ಹುಲ್ಲುಹಳದಿ ಬಣ್ಣದ ಮಚ್ಚೆಗಳು ಕಂಡು ರಸಸಾರ 4ಕ್ಕಿಂತ ಕೆಳಗಿದ್ದರೆ ಮುಂದೆ ಒಂದು ಗುದ್ದಲಿಯನ್ನೂ ಹಾಕಬೇಡಿ. ಅದು ಆಮ್ಲ ಸಲ್ಫೇಟ್ ಮಣ್ಣು. ಆಳವಾಗಿ ಬಸಿದು ಗಾಳಿ ತಗುಲಿದರೆ ಗಂಧಕಾಮ್ಲ ಹುಟ್ಟಿ ಗದ್ದೆಯ ಜೊತೆಗೆ ಹಳ್ಳದ ಮೀನೂ ಸಾಯುತ್ತದೆ.

ಮಣ್ಣು ವಿಜ್ಞಾನಿಯ ಬಳಿ ಹೋಗುವಾಗ ಎರಡು ಚೀಲ ಒಯ್ಯಿರಿ, ಕೆಟ್ಟ ತೇಪೆಯ ಮಣ್ಣು ಒಂದರಲ್ಲಿ, ಚೆನ್ನಾಗಿರುವ ಜಾಗದ್ದು ಇನ್ನೊಂದರಲ್ಲಿ, ಎರಡನ್ನೂ ಬೆರೆಸದೆ. ಅರ್ಧ ಲೀಟರ್ ನೀರಾವರಿ ನೀರನ್ನು ಅದೇ ನೀರಿನಿಂದ ಮೂರು ಸಲ ತೊಳೆದ ಬಾಟಲಿಯಲ್ಲಿ ತುಂಬಿ. ಇ.ಸಿ., ರಸಸಾರ, ವಿನಿಮಯ ಸೋಡಿಯಂ, ಪೊಟ್ಯಾಷ್, ಸತು ಕೇಳಿ. ಜೊತೆಗೆ ಬೇರುಸಮೇತ ಕಿತ್ತ ಮೂರು ಬುಡಗಳನ್ನು ಒದ್ದೆ ಕಾಗದದಲ್ಲಿ ಸುತ್ತಿ ಒಯ್ಯಿರಿ, ಕೆಳಗಿನ ಒಣಗರಿ ಉದುರದಂತೆ.